ಎಡಗೈಯ ಉಣ್ಣೆ ಗವಸು

ಸುಡು ಬೇಸಿಗೆಯಲ್ಲೂ ಅವರ ಎಡಗೈಗೆ ಉಣ್ಣೆಯ ಗವಸು ಇರುತ್ತಿತ್ತು. ಬಲಗೈ ಬರಿದು, ಎಣ್ಣೆ ಕುಡಿದು ಕಪ್ಪಾದ ಬೆರಳು. ಎಡಗೈಗೆ ಮಾತ್ರ, ಹೆಂಡತಿ ಹಳೆಯ ಸ್ವೆಟರ್ ಬಿಚ್ಚಿ ಹೆಣೆದುಕೊಟ್ಟ ಖಾಕಿ ಗವಸು. ಎಂಬತ್ತರ ದಶಕದ ಕೊನೆಯಲ್ಲಿ, ಕಾಗವಾಡದ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಎಂಜಿನಿಯರನಾಗಿ ಸೇರಿದ ಮೊದಲ ದಿನ, ಕಬ್ಬಿಣ ತಿರುವಿ ಹೆರೆಯುವ ಲೇಥಿನ ಮುಂದೆ ನಿಂತ ಅವರನ್ನು ನೋಡಿ ಕೈ ಸುಟ್ಟಿರಬೇಕು ಎಂದುಕೊಂಡೆ. ಅವರು ಗವಸಿನ ಕೈಯಲ್ಲೇ, ಕೂದಲೆಳೆಯಷ್ಟನ್ನೂ ಅಳೆಯುವ ಮೈಕ್ರೋಮೀಟರ್ ಎತ್ತಿ ತೋರಿಸಿದರು.

"ನಮ್ಮ ಕೈ ಬಿಸಿ ಇದಕ್ಕ ತಾಕಬಾರದ್ರಿ ಸಾಹೇಬ್ರ. ತಾಕಿದ್ರ ಇದೂ ಸುಳ್ಳ ಹೇಳತೈತಿ."

ಎಲ್ಲರೂ ಅವರನ್ನು ಮಿಸ್ತ್ರಿಕಾಕಾ ಎನ್ನುತ್ತಿದ್ದರು. ಲೇಥಿನ ಪಕ್ಕ ಒಂದು ಕಡಪಾ ಕಲ್ಲಿತ್ತು. ತಿರುವಿದ ಕಬ್ಬಿಣವನ್ನೂ ಮೈಕ್ರೋಮೀಟರನ್ನೂ ಅದರ ಮೇಲೆ ಜೋಡಿಯಾಗಿ ಮಲಗಿಸುತ್ತಿದ್ದರು. ಎರಡೂ ತಣ್ಣಗಾಗಿ ಒಂದೇ ಹದಕ್ಕೆ ಬರುವವರೆಗೆ ಅಳತೆಯ ಮಾತೇ ಇಲ್ಲ. ಕಬ್ಬಿಣ ಬಿಸಿಗೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ ಎಂದು ನಾನೂ ಓದಿದ್ದೆ. ಆದರೆ ಕಾಯುವುದು ನನ್ನ ಜಾತಕದಲ್ಲೇ ಇರಲಿಲ್ಲ. ಬಸ್ ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುವ ಪೈಕಿ ನಾನು. ನಾನು ಕಲ್ಲಿನ ಸುತ್ತ ಸುಳಿದಾಡಿದರೆ ಕಾಕಾ ನಗುತ್ತಿದ್ದರು.

"ಬಂದ ಬೀಗ್ರನ್ನ ಬಾಗಲದಾಗ ನಿಂದ್ರಿಸಿ ಸುದ್ದಿ ಕೇಳ್ತೀರೇನ್ರಿ? ಕುಂಡರ್ಲಿ, ದಣಿವಾರ್ಲಿ. ಆಮ್ಯಾಲ ಕೇಳೂಣು."

ಹಂಗಾಮು ಜೋರಾಗಿದ್ದ ಒಂದು ಮಧ್ಯಾಹ್ನ, ಕಬ್ಬಿನ ರಸದ ಪಂಪಿನ ಶಾಫ್ಟ್ ಸವೆದು ಮಿಲ್ಲು ನಿಂತಿತು. ಶಿರಗುಪ್ಪಿ ರಸ್ತೆಯುದ್ದಕ್ಕೂ ಗಾಡಿಗಳು, ಬಿಸಿಲಿಗೆ ಒಣಗುವ ಕಬ್ಬು, ಗೇಟಿನಲ್ಲಿ ರೈತರ ಕೂಗಾಟ. ಮಿಲ್ಲು ನಡೆಸುವ ಹೊಣೆ ನನ್ನದು. ಕಾಕಾ ಶಾಫ್ಟಿನ ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ, ಲೇಥಿಗೆ ಕಟ್ಟಿ ತಿರುವಿದರು. ಕೊನೆಯ ಸಲ ತೆಳ್ಳಗೆ ಹೆರೆಯುವುದಷ್ಟೇ ಬಾಕಿಯಿತ್ತು. ಶಾಫ್ಟ್ ಇನ್ನೂ ಕಾದಿತ್ತು.

"ಎರಡ ತಾಸ ತಡೀರಿ."

"ನೀರು ಸುರೀರಿ," ಎಂದೆ.

"ಸೊಟ್ಟ ಆಗತೈತ್ರಿ."

ಅವರು ರೊಟ್ಟಿ ಬಿಚ್ಚಿಕೊಂಡು ಕೂತರು. ನಾನು ಗೇಟಿಗೆ ಹೋದೆ, ಬಂದೆ, ಶಾಫ್ಟ್ ಮುಟ್ಟಿದೆ, ಮತ್ತೆ ಹೋದೆ. ಮೂರನೆಯ ಸಲ ಬಂದಾಗ ತಡೆಯಲಾಗಲಿಲ್ಲ. ಮೈಕ್ರೋಮೀಟರನ್ನು ಬರಿಗೈಯಲ್ಲೇ ಎತ್ತಿಕೊಂಡು ನಾನೇ ಅಳೆದೆ. ರೊಟ್ಟಿಯ ಮುಂದಿನಿಂದ ಅವರನ್ನು ಎಬ್ಬಿಸಿ, "ಇಷ್ಟು ತೆಗೀರಿ. ಇದು ನನ್ನ ಹುಕುಂ," ಎಂದೆ. ಅವರು ಕೈ ತೊಳೆದು ಬಂದು, ಅಷ್ಟನ್ನೇ ತೆಗೆದರು.

ಪಂಪಿನ ಬಳಿ ಒಯ್ದು ಜೋಡಣೆಗೆ ಅಣಿ ಮಾಡುವಷ್ಟರಲ್ಲಿ ಶಾಫ್ಟ್ ಆರಿತ್ತು. ಕೂದಲೆಳೆಯ ಅರ್ಧದಷ್ಟು ಸಣ್ಣದಾಗಿತ್ತು, ಅಷ್ಟೇ. ಅದರ ಮೇಲೆ ಬಡಿದು ಕೂರಿಸಬೇಕಾದ ಬೇರಿಂಗು ಬೆರಳಲ್ಲಿ ತಳ್ಳಿದರೆ ಸಡಿಲವಾಗಿ ಜಾರಿ ಹೋಯಿತು. ಮತ್ತೆ ವೆಲ್ಡಿಂಗ್, ಮತ್ತೆ ಲೇಥ್. ಮಿಲ್ಲು ಶುರುವಾದದ್ದು ಮರುದಿನ ಹೊತ್ತೇರಿದ ಮೇಲೆ.

ಚೀಫ್ ಎಂಜಿನಿಯರು ಬಂದು, "ಯಾರ ಅಳದಾರ ಇದನ್ನ?" ಎಂದು ಕೇಳಿದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

"ನಾನ ಅಳದೇನ್ರಿ," ಎಂದರು ಕಾಕಾ, ಗವಸು ಕಳಚುತ್ತ. "ಬಿಸಿ ಇದ್ದಾಗ ಅಳದ್ನಿ. ಗಡಬಡ್ಯಾಗ ತಪ್ಪಾತು."

ಮೂವತ್ತು ವರ್ಷದ ಹೆಸರನ್ನು ಅವರು ಒಂದು ಮಾತಿನಲ್ಲಿ ಬಿಟ್ಟುಕೊಟ್ಟರು. ಆಮೇಲೆ ಹುಡುಗರೆಲ್ಲ, "ಕಾಕಾ, ಬೀಗ್ರು ಕುಂತ್ರೇನ್ರಿ?" ಎಂದು ಚೇಷ್ಟೆ ಮಾಡುವರು. ಅವರು ನಕ್ಕು ಲೇಥಿನತ್ತ ತಿರುಗುವರು. ಯಾಕೆ ಹಾಗೆ ಹೇಳಿದಿರಿ ಎಂದು ಒಮ್ಮೆ ಕೇಳಿದೆ.

"ನೀವು ಇನ್ನಾ ಬಿಸಿ ಅದೀರಿ ಸಾಹೇಬ್ರ. ಈಗ ಅಳದ್ರ ನಿಮ್ಮ ಅಳತಿ ತಪ್ಪ ಬರತೈತಿ."

ತೊಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಅಲಖನೂರಿನ ಅವರ ಮನೆಯಂಗಳದಲ್ಲಿ ಕಾರ್ಖಾನೆಯ ಹಳೆಯ ಫಿಟ್ಟರೊಬ್ಬ ನನ್ನ ಪಕ್ಕ ಕೂತು, "ಭಾರಿ ಕೈ ಅವರದು. ಜಲ್ಮದಾಗ ಒಮ್ಮಿ ಅಷ್ಟ ತಪ್ಪಿದ್ರು," ಎಂದ. ಎದುರಿಗಿದ್ದ ಅವರ ಹೆಂಡತಿಗೂ ಅದು ಕೇಳಿಸಿತು. ನನಗೆ ಕೂರಲಾಗಲಿಲ್ಲ. ಬಸ್ಸಿನ ನೆಪ ಹೇಳಿ ಎದ್ದು ಬಂದೆ.

ಅವರು ಒಮ್ಮೆಯೂ ತಪ್ಪಿರಲಿಲ್ಲ. ಆ ಶಾಫ್ಟನ್ನು ಬಿಸಿಯಿದ್ದಾಗ, ಬರಿಗೈಯಲ್ಲಿ ಅಳೆದವನು ನಾನು.