ಹೊಳಲು ಎಂಬ ಪದ ಸಣ್ಣದಾದದ್ದು

ಹೊಳಲು ಎಂಬ ಪದವನ್ನು ಸಣ್ಣದು ಮಾಡಿದವನು ನಾನು. ಅದು ತಾನಾಗಿಯೇ ಸಣ್ಣದಾಯಿತು ಎಂದು ಹಾಲೇಶನಿಗೆ ಹೇಳಿದ್ದು ಸುಳ್ಳು. ಮುಖಪುಟದಲ್ಲಿ ಟ್ಯಾಗ್ ಕ್ಲೌಡ್ ಬೇಕೋ ಬೇಡವೋ ಎಂದು ಓದುಗರಾದ ನಿಮ್ಮನ್ನು ಕೇಳಿದ್ದೂ ನಾಟಕವೇ. ಬೇಡ ಎಂದು ಮೊದಲು ತೀರ್ಮಾನಿಸಿ ಆಮೇಲೆ ಕೇಳಿದೆ. ಇದಾಗಿ ನಾಲ್ಕು ವರ್ಷ. ಇಷ್ಟು ದಿನ ಬಾಯಿ ಬಿಡದವನು ಈಗ ಯಾಕೆ — ಅದನ್ನೂ ಹೇಳುತ್ತೇನೆ, ಆದರೆ ಮೊದಲಿನಿಂದ ಹೇಳದಿದ್ದರೆ ಮತ್ತೆ ಏನಾದರೂ ಬಚ್ಚಿಟ್ಟುಕೊಂಡೇನು.

‘ಐದೂರ ಮಾತು’ ಎಂಬ ಈ ಬ್ಲಾಗು ನಮ್ಮಿಬ್ಬರದು. ನಾನು ಕೊಟ್ಟೂರಿನವನು, ಹಗರಿಬೊಮ್ಮನಹಳ್ಳಿಯಲ್ಲಿ ಫ್ಲೆಕ್ಸ್, ಲಗ್ನಪತ್ರಿಕೆಗಳ ಅಂಗಡಿ ಇಟ್ಟುಕೊಂಡವನು. ಹಾಲೇಶ ಹಡಗಲಿ ತಾಲೂಕಿನ ಹೊಳಲಿನವನು, ಬಸ್ ಕಂಡಕ್ಟರ್. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದು ತಿರುಗುವಾಗ ಪ್ರಯಾಣಿಕರ ಬಾಯಿಂದ ಗಾದೆ, ಒಗಟು, ಹಾಡುಗಳನ್ನು ಫೋನಿನಲ್ಲಿ ಹಿಡಿದು ತರುತ್ತಿದ್ದ. ನಾನು ಅವನ್ನು ಬರೆದು, ಜೋಡಿಸಿ ಹಾಕುತ್ತಿದ್ದೆ. ಪ್ರತಿ ಬರಹಕ್ಕೂ ಊರಿನ ಹೆಸರೋ ವಿಷಯದ ಹೆಸರೋ ಟ್ಯಾಗ್ ಆಗಿ ಇರುತ್ತಿತ್ತು. ಆ ಪದಗಳೆಲ್ಲ ಮುಖಪುಟದ ಮೇಲ್ಭಾಗದಲ್ಲಿ ಒಟ್ಟಿಗೆ ಗುಂಪಾಗಿ ಕಾಣುವುದೇ ಟ್ಯಾಗ್ ಕ್ಲೌಡ್ — ಹಾಲೇಶ ಅದನ್ನು ‘ಮೋಡ’ ಎನ್ನುತ್ತಿದ್ದ. ಹೆಚ್ಚು ಬರಹಗಳಿಗೆ ಹಚ್ಚಿದ ಪದ ಮೋಡದಲ್ಲಿ ದಪ್ಪ ಕಾಣುತ್ತದೆ. ಅದನ್ನು ಮುಟ್ಟಿದರೆ ಆ ಬರಹಗಳು ತೆರೆದುಕೊಳ್ಳುತ್ತವೆ, ಹೊಸದು ಮೇಲೆ, ಹಳೆಯದು ಕೆಳಗೆ. ಈ ಮೇಲೆ ಕೆಳಗಿನ ಕ್ರಮವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಆಗ ಅದರ ಕಡೆ ಗಮನ ಕೊಡಲಿಲ್ಲ.

ನನ್ನ ಕಸುಬಿನಲ್ಲಿ ಅಕ್ಷರದ ಗಾತ್ರವೆಂದರೆ ಮಾನದ ಗಾತ್ರ. ಲಗ್ನಪತ್ರಿಕೆಯ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ಸೋದರಮಾವನ ಹೆಸರಿಗಿಂತ ಒಂದೆಳೆ ದಪ್ಪವಾದರೂ ಮದುವೆಮನೆಯಲ್ಲಿ ಮಾತು ಬಿಡುತ್ತಾರೆ. ಉಚ್ಚಂಗಿದುರ್ಗದ ಗಿರಾಕಿಯೊಬ್ಬ ಶುಭಾಶಯದ ಬ್ಯಾನರಿನಲ್ಲಿ ತನ್ನ ಮುಖವನ್ನೂ ತಮ್ಮನ ಮುಖವನ್ನೂ ಮಗಳ ಶಾಲೆಯ ಸ್ಕೇಲಿನಿಂದ ಅಳೆದು, ತನ್ನದು ಅರ್ಧ ಇಂಚು ಕಡಿಮೆ ಎಂದು ಬ್ಯಾನರನ್ನೇ ಬಿಟ್ಟು ಹೋಗಿದ್ದ. ಇಪ್ಪತ್ತು ವರ್ಷ ಇಂಥವರ ನಡುವೆ ಕೂತು ನಾನೂ ಅಂಥವನೇ ಆಗಿದ್ದೆ. ಅವರು ಬಾಯಿಬಿಟ್ಟು ಜಗಳವಾಡುತ್ತಿದ್ದರು, ನಾನು ಒಳಗೊಳಗೇ ಅಳೆಯುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಮೋಡದಲ್ಲಿ ಮೊದಲೆಲ್ಲ ಕೊಟ್ಟೂರೇ ದಪ್ಪಗಿತ್ತು. ನಮ್ಮೂರು — ನೋಡಿದಾಗಲೆಲ್ಲ ಹಿಗ್ಗು. ಒಂದು ದಿನ ಹೊಳಲು ಅದರ ಸಮಕ್ಕೆ ಬಂದಿತು. ವಾರ ಕಳೆಯುವಷ್ಟರಲ್ಲಿ ಮೀರಿಯೂ ಬಿಟ್ಟಿತು. ಆ ವಾರ ಹೊಳಲಿನ ಬಗ್ಗೆ ನಾವು ಹಾಕಿದ್ದು ಒಂದೂ ಇಲ್ಲ. ಒಳಹೊಕ್ಕು ನೋಡಿದರೆ, ಹಾಲೇಶ ಹಳೆಯ ಬರಹಗಳನ್ನು ಒಂದೊಂದಾಗಿ ತೆರೆದು ಹೊಳಲು ಎಂದು ಟ್ಯಾಗ್ ಹಚ್ಚುತ್ತಿದ್ದ. ಗುಡೇಕೋಟೆಯ ಕುರಿ ಕಾಯುವವರು ತಮ್ಮ ಕುರಿಗಳಿಗೆ ಇಡುವ ಹೆಸರುಗಳು — ಅದಕ್ಕೂ ಹೊಳಲು. ಕೂಡ್ಲಿಗಿ ಸಂತೆಯ ಬೈಗುಳಗಳು — ಅದಕ್ಕೂ ಹೊಳಲು. ಯಾರೂ ತಿರುಗಿ ನೋಡದ ಹಳೆಯ ಬರಹಗಳಿಗೇ ಯಾಕೆ? ಹೊಸದಕ್ಕೆ ಒಂದಕ್ಕೂ ಯಾಕಿಲ್ಲ? ನನ್ನ ಕಣ್ಣಿಗೆ ಬೀಳದಿರಲಿ ಎಂದೇ ಹೀಗೆ ಮಾಡುತ್ತಿದ್ದಾನೆ ಎಂದುಕೊಂಡೆ.

ಅನುಮಾನ ಹೊಕ್ಕ ಮೇಲೆ ಸಾಕ್ಷಿಗೆ ಬರವಿಲ್ಲ. ಅದೇ ದಿನಗಳಲ್ಲಿ ಅವನ ಕಾಕಾ ಪಂಚಾಯಿತಿ ಚುನಾವಣೆಗೆ ನಿಂತು, ಕರಪತ್ರ ಮಾಡಿಸಲು ನನ್ನ ಅಂಗಡಿಗೇ ಬಂದರು. ಚಹಾ ಕುಡಿಯುತ್ತ, “ಇಂಟರ್‌ನೆಟ್ಟಿನಾಗ ನಮ್ಮೂರ ಹೆಸರು ಎಲ್ಲಕ್ಕಿಂತ ದೊಡ್ಡದಾಗಿ ಬರತೈತಂತಲ್ರಿ” ಎಂದರು. ಇದೆಲ್ಲ ಕಾಕಾನ ಓಟಿಗಾಗಿ ಎಂದುಕೊಂಡೆ. ಬ್ಲಾಗಿಗೆ ಯಾರು ಯಾವಾಗ ಬರುತ್ತಾರೆ ಎಂದು ತೋರಿಸುವ ಪುಟ ನೋಡಿದರೆ, ದಿನಾ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಯಾರೋ ಒಬ್ಬರು ಹೊಳಲು ಎಂಬುದನ್ನು ಮುಟ್ಟಿ ಒಳಗೆ ಬರುತ್ತಿದ್ದರು. ತಪ್ಪದೆ, ಒಂದೇ ಹೊತ್ತಿಗೆ. ಹಾಲೇಶನೇ ಒತ್ತುತ್ತಾನೆ, ಇಲ್ಲವೇ ಕಾಕಾನ ಕಡೆಯವರಿಂದ ಒತ್ತಿಸುತ್ತಾನೆ. ಇನ್ನೊಂದು ದಿನ ಹಾಲೇಶ ಅಂಗಡಿಯ ಮುಂದೆ ನಿಂತು, ಫೋನನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಅರ್ಧ ಮುಚ್ಚಿ ಮೋಡವನ್ನೇ ನೋಡುತ್ತಿದ್ದ. ನನ್ನನ್ನು ಕಂಡವನೇ ಫೋನನ್ನು ಜೇಬಿಗೆ ಇಳಿಸಿದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನ್ನ ಕಣ್ಣಿಗೆ ಕಾಮಾಲೆ ಬಂದಿದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಯಾಕೋ ಹಾಲೇಶ ಎಂದು ಕೇಳಬಹುದಿತ್ತು. ಒಂದು ನಿಮಿಷದ ಮಾತು. ಕೇಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಅರ್ಧ ಇಳಿಸಿ, ಅವನು ಹಚ್ಚಿದ ಟ್ಯಾಗುಗಳನ್ನು ಕೀಳತೊಡಗಿದೆ. ಮೊದಲ ದಿನ ಮೂರು. ಮರುದಿನ ಏಳು. ಬುತ್ತಿಯ ರೊಟ್ಟಿ ಮುರಿಯುತ್ತ, ಇನ್ನೊಂದು ಕೈಯಲ್ಲಿ ಮೌಸು — ಮೋಡದಲ್ಲಿ ಹೊಳಲು ತೆಳ್ಳಗಾಗುತ್ತ ಬಂದದ್ದನ್ನು ನೋಡಿ ನನಗಾದ ಸಂತೋಷವನ್ನು ಇವತ್ತು ಬರೆಯಲು ನಾಚಿಕೆಯಾಗುತ್ತದೆ. ವಾರದ ಮೇಲೆ ಹಾಲೇಶ ಬಂದ.

“ಕೊಟ್ರೇಶಣ್ಣ, ಹೊಳಲು ಯಾಕ ಸಣ್ಣದಾಗೈತಿ?”

“ಅದು ತಾನ ಲೆಕ್ಕ ಹಾಕ್ಕಂತೈತಿ. ನಾನೇನು ಕೈ ಹಚ್ಚಿಲ್ಲಪ್ಪ.”

ಕೈ ಹಚ್ಚಿದಿರಾ ಎಂದು ಅವನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೆ ಹಾಲೇಶ ನಂಬಿದ. ನಂಬಿದ್ದೂ ನನಗೆ ನಟನೆಯಂತೆ ಕಂಡಿತು. ಅವನು ಮತ್ತೆ ಹಚ್ಚಿದ, ನಾನು ಮತ್ತೆ ಕಿತ್ತೆ. ಇದು ಎಷ್ಟು ದಿನ ನಡೆದೀತು? ಸಿಕ್ಕಿಬೀಳುವ ಮೊದಲು ಮೋಡವನ್ನೇ ತೆಗೆದರಾಯಿತು ಎನಿಸಿತು.

ಆಗ ನಿಮ್ಮ ಮುಂದೆ ಬಂದೆ. ಮುಖಪುಟದಲ್ಲಿ ಟ್ಯಾಗ್ ಕ್ಲೌಡ್ ಇರಬೇಕೇ ಎಂದು ಉದ್ದದ ಬರಹ ಬರೆದೆ. ಪುಟ ಗಿಜಿಗುಡುತ್ತದೆ, ಕಣ್ಣಿಗೆ ಕಿರಿಕಿರಿ, ಈಗಿನ ಬ್ಲಾಗುಗಳಲ್ಲಿ ಯಾರೂ ಇಡುವುದಿಲ್ಲ, ಹುಡುಕುವ ಪೆಟ್ಟಿಗೆಯೊಂದಿದ್ದರೆ ಸಾಕು — ಎಲ್ಲ ಬರೆದೆ. ಅದರಲ್ಲಿ ಒಂದೊಂದು ವಾಕ್ಯವೂ ನಿಜವೇ. ಬರೆದವನು ಮಾತ್ರ ನಿಜವಲ್ಲ. ಒಂಬತ್ತು ಜನ ಉತ್ತರಿಸಿದರು, ಅವರಲ್ಲಿ ಇಬ್ಬರು ಬೇರೆ ಹೆಸರಿನಲ್ಲಿ ನಾನೇ. ಹಾಲೇಶ ಒಂದೇ ಸಾಲು ಬರೆದ: “ಮೋಡ ಇರಲಿ. ಬೇಕಾದವರು ಇದ್ದಾರೆ.” ಬೇಕಾದವರು ಯಾರು ಎಂದು ನನಗೆ ಗೊತ್ತಿದೆ ಎಂದು ಒಳಗೇ ನಕ್ಕೆ. ಮರುದಿನ ಮೋಡವನ್ನು ತೆಗೆದೆ. ಅದೇ ತಿಂಗಳು ಹಾಲೇಶನಿಗೆ ದೂರದ ರೂಟು ಬಿತ್ತು, ಮನೆಗೆ ಬರುವುದು ವಾರಕ್ಕೊಮ್ಮೆ ಎಂಬಂತಾಯಿತು. ಕಾಕಾ ಚುನಾವಣೆಯಲ್ಲಿ ಸೋತರು. ಟ್ಯಾಗಿನಿಂದ ಅವರಿಗೆ ಒಂದು ಓಟೂ ಬಂದಿರಲಾರದು.

ಎರಡು ತಿಂಗಳಾದ ಮೇಲೆ ಒಂದು ಬ್ಯಾನರ್ ಕೊಡಲು ಹೊಳಲಿಗೆ ಹೋಗಿದ್ದೆ. ಬಿಸಿಲು. ಅನಂತಶಯನ ಗುಡಿಯ ಹತ್ತಿರವೇ ಹಾಲೇಶನ ಮನೆ. ಅವನಿರಲಿಲ್ಲ, ದೊಡ್ಡಮ್ಮ ನೀಲವ್ವ ಇದ್ದರು. ಅವನ ತಾಯಿ ಗಂಗವ್ವ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಅಕ್ಕ ತಂಗಿ ಒಂದೇ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ ಒಂದೇ ಕಲ್ಲಿನಲ್ಲಿ ಬೀಸಿದವರು. ಗಂಗವ್ವನ ಬೀಸುವ ಪದಗಳನ್ನು ಹಾಲೇಶ ಫೋನಿನಲ್ಲಿ ಹಿಡಿದು ತಂದಿದ್ದ, ಪುಟ ತೆರೆದರೆ ಹಾಡುವ ಹಾಗೆ ದನಿ ಸಮೇತ ನಾನೇ ಬ್ಲಾಗಿಗೆ ಹಾಕಿದ್ದೆ. ಅವನ್ನು ಹೊಳಲು ಎಂಬ ಟ್ಯಾಗಿನ ಅಡಿ ಇಟ್ಟವನೂ ನಾನೇ.

ನೀಲವ್ವ ನೀರು ಕೊಟ್ಟರು. ನಾನು ಯಾರೆಂದು ತಿಳಿದ ಮೇಲೆ, ಗೂಡಿನಲ್ಲಿ ಅರಿವೆ ಸುತ್ತಿ ಇಟ್ಟಿದ್ದ ಒಂದು ಹಳೆಯ ಫೋನು ತಂದರು. ಕಣ್ಣಿಗೆ ಪೊರೆ ಬಂದಿತ್ತು, ತಡವರಿಸಿ ಮಾತಾಡಿದರು.

“ನನಗ ಓದಾಕ ಬರಂಗಿಲ್ರಿ. ಬಸ್ಸಿನ ಬೋರ್ಡಿನಾಗ ನೋಡಿ ನೋಡಿ ಹೊಳಲು ಅನ್ನೋದೊಂದು ಗುರ್ತು ಸಿಗತೈತಿ. ಇದರಾಗ ಅದು ದಪ್ಪಕ ಇತ್ತು. ಮುಟ್ಟಿದ್ರ ನಮ್ಮ ಗಂಗಿ ಹಾಡ್ತಿದ್ಲು. ಈಗ ಸಿಗವಲ್ದು. ನಾನ ಏನೋ ಒತ್ತಿ ಕೆಡಿಸೀನಿ ಕಾಣತೈತಿ. ಹಾಲೇಶಗ ಹೇಳಬ್ಯಾಡ್ರಿ, ಅವ್ವನ ಹಾಡು ಹೋತಲ್ಲ ಅಂತ ನೊಂದ್ಕಂತಾನ.”

ಮೂರು ಗಂಟೆಗೆ ಬರುತ್ತಿದ್ದವರು ಇವರು. ಹಾಲೇಶ ಕಣ್ಣು ಅರ್ಧ ಮುಚ್ಚಿ, ದೂರ ಹಿಡಿದು ನೋಡುತ್ತಿದ್ದದ್ದು ಇವರ ಕಣ್ಣಿಗೆ ಆ ಪದ ಕಂಡೀತೇ ಎಂದು. ಅದು ದಪ್ಪವಾಗಲಿ ಎಂದೇ ಸಂಬಂಧವಿಲ್ಲದ ಬರಹಗಳಿಗೂ ಟ್ಯಾಗ್ ಹಚ್ಚಿದ್ದ. ಹಳೆಯವಕ್ಕೆ ಮಾತ್ರ ಯಾಕೆ ಎಂದರೆ — ಹೊಸದಕ್ಕೆ ಹಚ್ಚಿದ್ದರೆ ಅದು ಮೇಲೆ ಬಂದು ಕೂರುತ್ತಿತ್ತು, ತಾಯಿಯ ಹಾಡು ಕೆಳಗೆ ಹೋಗುತ್ತಿತ್ತು. ಮುಟ್ಟಿದ ಕೂಡಲೆ ಮೊದಲು ಸಿಗಬೇಕಾದದ್ದು ಗಂಗವ್ವ. ಅವನು ಬಚ್ಚಿಡಲಿಲ್ಲ, ನಾನು ಕೇಳಲಿಲ್ಲ.

ಆ ಕ್ಷಣದಲ್ಲಿ ಹೇಳಬೇಕಿತ್ತು. ನೀವು ಕೆಡಿಸಿಲ್ಲ, ನಾನು ತೆಗೆದದ್ದು ಎಂದು — ಮೂರೇ ಮಾತು. ನನ್ನ ಬಾಯಿಂದ ಬಂದದ್ದು ಇದು: “ಫೋನು ಹಳೇದಾಗೈತಿ ಬಿಡ್ರಿ.” ಅಂದರೆ ಕೆಟ್ಟದ್ದು ಹೌದು ಎಂದು ಒಪ್ಪಿಕೊಂಡ ಹಾಗೆಯೇ. ಅವರು ಫೋನಿಗೆ ಮತ್ತೆ ಅರಿವೆ ಸುತ್ತಿದರು.

ಅಂಗಡಿಗೆ ಬಂದು ಒಂದು ತಾಸು ಕೂತಿದ್ದರೆ ಎಲ್ಲ ಮೊದಲಿನಂತಾಗುತ್ತಿತ್ತು. ಕೂರಲಿಲ್ಲ. ಸರಿ ಮಾಡಿದರೆ ಟ್ಯಾಗು ಕಿತ್ತವನು ಯಾರೆಂದು ಹಾಲೇಶನಿಗೆ ತಿಳಿಯುತ್ತದೆ. ಜೊತೆಗೆ, ಹೇಳಬೇಡಿ ಎಂದು ಅವರೇ ಅಂದಿದ್ದಾರಲ್ಲ — ಎಂಥ ಒಳ್ಳೆಯ ನೆಪ. ಗುಡೇಕೋಟೆಯ ಬರಹಕ್ಕೆ ಹೊಳಲು ಎಂದು ಹಚ್ಚುವುದು ತಪ್ಪೇ ತಾನೆ, ತಪ್ಪನ್ನು ತಿದ್ದಿದೆ ಎಂದೂ ಹೇಳಿಕೊಂಡೆ. ಮುಂದೊಂದು ಸಲ ಹಾಲೇಶ ಚಹಾ ಕುಡಿಯುತ್ತ, ದೊಡ್ಡಮ್ಮನಿಗೆ ಹಾಡು ಸಿಗುವ ಬೇರೆ ದಾರಿ ತೋರಿಸಲು ಹೋದರೆ ಕೇಳಿ ಕೇಳಿ ಸಾಕಾಗಿದೆ ಎಂದಳು, ಫೋನು ಮುಟ್ಟುವುದನ್ನೇ ಬಿಟ್ಟಿದ್ದಾಳೆ ಎಂದ. ಅವನ ಮುಖ ನೋಡಲಾಗದೆ ನಾನು ಮಷೀನಿನ ಕಡೆ ತಿರುಗಿದೆ. ಇವನಿಗೆ ಗೊತ್ತಿದ್ದೇ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೋ ಎಂದು, ಆಗಲೂ, ಅವನನ್ನೇ ಅನುಮಾನಿಸಿದೆ.

ಹೋದ ವಾರ ಮೋಡವನ್ನು ಮತ್ತೆ ಮುಖಪುಟದಲ್ಲಿ ಇಟ್ಟೆ. ಕಿತ್ತ ಟ್ಯಾಗುಗಳನ್ನೆಲ್ಲ ಹಳೆಯ ಬರಹಗಳಿಗೆ ಮತ್ತೆ ಹಚ್ಚಿದೆ. ಹೊಳಲು ಈಗ ಕೊಟ್ಟೂರಿಗಿಂತ ದಪ್ಪ. ಫೋನು ತೆಗೆದುಕೊಂಡು ಹೊಳಲಿಗೆ ಹೋದೆ, ಹೇಳಿಯೇ ಬರುತ್ತೇನೆ ಎಂದು. ನೀಲವ್ವ ಕಟ್ಟೆಯ ಮೇಲೆ ಕೂತಿದ್ದರು. ಅವರ ಮುಂದೆ ಫೋನು ಹಿಡಿದೆ.

“ಎಷ್ಟು ದಪ್ಪಕಿದ್ರೂ ಈಗ ಕಾಣಂಗಿಲ್ಲಪ್ಪ. ಕಣ್ಣು ಪೂರಾ ಹೋಗ್ಯಾವ.”

ಅಕ್ಷರ ಅಳೆದೇ ಬದುಕಿದವನು ನಾನು. ಯಾವ ಗಾತ್ರವೂ ಸಾಲದು ಎಂಬುದನ್ನು ಮೊದಲ ಸಲ ಕಂಡೆ. ನಾನೇ ಆ ಪದವನ್ನು ಮುಟ್ಟಿದೆ. ಗಂಗವ್ವ ಹಾಡಿದರು. ನಡುವೆ ಒಂದು ಕಡೆ ಸಾಲು ಮರೆತು, “ಅಕ್ಕಾ, ಮುಂದೇನ?” ಎಂದು ಕೇಳುತ್ತಾರೆ — ಅದೂ ಅದರಲ್ಲಿಯೇ ಉಳಿದಿದೆ. ನೀಲವ್ವ ಆ ಸಾಲನ್ನು ಹೇಳಿಕೊಟ್ಟರು, ತಂಗಿ ಎದುರಿಗೆ ಕೂತಿದ್ದಾಳೆ ಎಂಬಂತೆ. ಮೊದಲೂ ದಿನಾ ಮೂರು ಗಂಟೆಗೆ ಹೀಗೆಯೇ ಹೇಳಿಕೊಡುತ್ತಿದ್ದರೇನೋ. ಹಾಡು ಮುಗಿದ ಮೇಲೆ ನನ್ನ ಕೈ ಹುಡುಕಿ ಹಿಡಿದರು.

“ಅವತ್ತು ನಾನು ಕೆಡಿಸಿದ್ದನ್ನ ನೀವು ಸರಿ ಮಾಡೀರಿ. ಪುಣ್ಯ ಬರ್ಲಿ ಯಪ್ಪಾ ನಿಮಗ.”

ಆ ಮಾತನ್ನು ತಿದ್ದದೆ, ಇಟ್ಟುಕೊಂಡೇ ಬಸ್ಸು ಹತ್ತಿದೆ. ಟ್ಯಾಗ್ ಕಿತ್ತದ್ದಕ್ಕಿಂತ, ಮೋಡ ತೆಗೆದದ್ದಕ್ಕಿಂತ ದೊಡ್ಡ ತಪ್ಪು ಇದೇ. ಇದಕ್ಕೇ ಈ ಬರಹ.

ನಾಳೆ ಹಾಲೇಶನ ರಜೆ. ಮೂರು ಗಂಟೆಗೆ ಹೋಗಿ ಇದನ್ನು ಅವನ ಮುಂದೆ, ನೀಲವ್ವನ ಮುಂದೆ ಗಟ್ಟಿಯಾಗಿ ಓದುತ್ತೇನೆ. ಅವರು ಕೇಳಿಸಿಕೊಂಡ ಮೇಲೆಯೇ ನಿಮಗೆ. ಅವರು ಏನಂದರು ಎಂಬುದನ್ನು ಇಲ್ಲಿ ಸೇರಿಸುವುದಿಲ್ಲ, ಕ್ಷಮಿಸಿದರೂ, ಬೈದರೂ. ಈ ಬರಹಕ್ಕೆ ಟ್ಯಾಗ್ ಹಚ್ಚುವುದಿಲ್ಲ. ಹಚ್ಚಿದರೆ ಇದು ಮೇಲೆ ಬಂದು ಕೂರುತ್ತದೆ. ಹೊಳಲು ಎಂಬುದನ್ನು ಯಾರೇ ಮುಟ್ಟಿದರೂ ಅವರಿಗೆ ಮೊದಲು ಗಂಗವ್ವನೇ ಸಿಗಬೇಕು.