ಹೊಳೆಗೆ ಬಿಟ್ಟ ಹೆಸರು

ನಾನು ಹುಟ್ಟು ಪುಕ್ಕಲಿ. ಹಗ್ಗ ಕಂಡರೂ ಹಾವೆಂದು ಕಿರುಚುವವಳು ಅಂತ ತವರಿನಲ್ಲಿ ಎಲ್ಲರೂ ನಗುತ್ತಿದ್ದರು. ಆದರೆ ಈಗ ಹೇಳಹೊರಟಿರುವುದು ಅಂಥ ಹೆದರಿಕೆಯಲ್ಲ. ಇದು ನನ್ನ ಗಂಡನ ಹೆಸರಿನ ಹೆದರಿಕೆ. ಆ ಹೆಸರನ್ನು ಬರೆಯಲು ನನಗೆ ಇನ್ನೂ ಕೈ ಬರುವುದಿಲ್ಲ.

ಮದುವೆಯಾಗಿ ಆದೋನಿಗೆ ಬಂದಾಗ ನನಗೆ ಹದಿನೈದು ವರ್ಷ. ಮಾವ ವೈದಿಕರು, ಸಂಧ್ಯಾವಂದನೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳದವರು. ನನ್ನ ಗಂಡ ಅವರಿಗೆ ಒಬ್ಬನೇ ಮಗ. ಹೈಸ್ಕೂಲು ಮುಗಿಸಿ, ತಂದೆಯ ಹಿಂದೆ ಪಂಚಪಾತ್ರೆ ಹಿಡಿದು ತಿರುಗಲೊಲ್ಲೆನೆಂದು ಜಗಳವಾಡಿ, ಯುದ್ಧ ಶುರುವಾದ ಮೇಲೆ ಪಡೆಗೆ ಸೇರಿಬಿಟ್ಟರು. ರಣದಲ್ಲಿ ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಟೆಲಿಫೋನಿನ ತಂತಿ ಎಳೆಯುವ ಕೆಲಸ. ಬರ್ಮಾಕ್ಕೆ ಕಳಿಸಿದರು. ಕೆಲವು ತಿಂಗಳಿಗೆ ಒಂದು ತಾರು ಬಂತು, ಕಾಣೆಯಾಗಿದ್ದಾರೆ ಎಂದು. ಅದರ ಹಿಂದೆಯೇ ಒಂದು ಕಾಗದ ಬಂತು, ಸತ್ತಿರಬೇಕೆಂದು ನಂಬಿದ್ದೇವೆ ಎಂದು.

"ಸರಕಾರ ಸುಳ್ಳು ಯಾಕ ಬರೀತದ" ಅಂದರು ಮಾವ. ನಾಗಲದಿನ್ನೆಗೆ ಹೋಗಿ, ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ, ಅದಕ್ಕೆ ಮಗನ ಹೆಸರಿಟ್ಟು ಕರೆದು, ತುಂಗಭದ್ರೆಯ ದಂಡೆಯಲ್ಲಿ ಸುಟ್ಟು ಬೂದಿಯನ್ನು ಹೊಳೆಗೆ ಬಿಟ್ಟರು. ನನ್ನ ಬಳೆಗಳನ್ನು ಒಡೆದರು, ಕುಂಕುಮ ಒರೆಸಿದರು. ತಲೆಗೂದಲು ತೆಗೆಸಲು ನಾವಿದನನ್ನು ಕರೆಸಿದ ದಿನ ಮಾತ್ರ ನಮ್ಮ ಅತ್ತೆಯವರು ಬಾಗಿಲಿಗೆ ಅಡ್ಡ ನಿಂತು, "ನನ್ನ ತಲಿ ಮೊದಲು ತೆಗೀಲಿ" ಎಂದುಬಿಟ್ಟರು. ನಾವಿದ ಅಡಿಕೆ ಎಲೆ ಇಸಿದುಕೊಂಡು ಹೋದ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದೆ. ಎದುರಿಗೆ ಅವರು ನಿಂತಿದ್ದರು. ಕರ್ರಗೆ, ಕಡ್ಡಿಯಂತೆ, ಒಂದು ಕಾಲು ಎಳೆಯುತ್ತ. ಕತೆಗಳಲ್ಲಿ ಹೆಂಡತಿ ಓಡಿಹೋಗಿ ಕಾಲಿಗೆ ಬೀಳುತ್ತಾಳೆ. ನಾನು ಒಳಗೆ ಓಡಿ ಅಗುಳಿ ಹಾಕಿಕೊಂಡೆ. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತವೆ ಎಂದು ಕೇಳಿದ್ದರಿಂದ ಕಿಟಕಿಯ ಸಂದಿಯಿಂದ ಪಾದ ನೋಡಿದೆ. ಅವು ಸರಿಯಾಗೇ ಇದ್ದವು, ಆದರೂ ಅಗುಳಿ ತೆಗೆಯುವ ಧೈರ್ಯ ಬರಲಿಲ್ಲ.

ಮಾವನೂ ಮಗನನ್ನು ಒಳಗೆ ಸೇರಿಸಲಿಲ್ಲ. ಉತ್ತರಕ್ರಿಯೆ ಆದವನು ಬದುಕಿ ಬಂದರೆ ಅವನು ಮತ್ತೆ ಹುಟ್ಟಬೇಕು ಎಂದು ಶಾಸ್ತ್ರ. ಮಂತ್ರಾಲಯದಿಂದ ಶಾಸ್ತ್ರಿಗಳು ಬರುವ ತನಕ ದನದ ಕೊಟ್ಟಿಗೆಯಲ್ಲೇ ಇಟ್ಟರು. ಆಮೇಲೆ ಮೈಗೆಲ್ಲ ತುಪ್ಪ ಸವರಿ, ಎರೆದು, ಜಾತಕರ್ಮ ಮಾಡಿ, ಹೊಸ ಹೆಸರಿಟ್ಟರು. ಒಂದೇ ವಾರದಲ್ಲಿ ನನ್ನ ಗಂಡ ಹುಟ್ಟಿ, ನಾಮಕರಣವಾಗಿ, ಮುಂಜಿಯಾಗಿ, ನನ್ನನ್ನೇ ಮದುವೆಯೂ ಆದರು. ಅಷ್ಟು ಬೇಗ ಬೆಳೆದ ಕೂಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದಿನಿಂದ ಹಳೆಯ ಹೆಸರು ಮನೆಯಲ್ಲಿ ಸತ್ತುಹೋಯಿತು. ಅತ್ತೆಯವರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಆ ಹೆಸರಿನ ಲೆಕ್ಕ ಯಮನ ಕಡೆ ತೀರಿಹೋಗ್ಯದ. ಮತ್ತ ಯಾರರ ಆ ಹೆಸರು ಹಿಡದು ಕರದ್ರ, ಎಲ್ಲೋ ತಪ್ಪ್ಯದ ಅಂತ ತಿದ್ದಲಿಕ್ಕೆ ಬರ್ತಾನ ಅವ." ಬೆಳಗಿನ ಸ್ತೋತ್ರದಲ್ಲಿ ದೇವರಿಗೂ ಅದೇ ಹೆಸರು ಇತ್ತು, ಅಲ್ಲಿ ಬಂದಾಗ ಅವರು ಕೆಮ್ಮುತ್ತಿದ್ದರು. ಓಣಿಗೆ ಬರುವ ಕಾಯಿಪಲ್ಲೆಯವನದೂ ಅದೇ ಹೆಸರು. ಅವನು ನಮ್ಮ ಮನೆಯಲ್ಲಿ ಬದನೇಕಾಯಿಯವನಾದ. ನಾನಂತೂ ಗಂಡನ ಹೆಸರನ್ನು ಮೊದಲೇ ಬಾಯಿಬಿಟ್ಟು ಹೇಳಿದವಳಲ್ಲ. ಹೆಂಡತಿ ಹೇಳಿದರೆ ಗಂಡನ ಆಯುಷ್ಯ ಕಡಿಮೆ ಎಂದು ಹೇಗೂ ಇತ್ತು. ಈಗ ಹೆದರಿಕೆ ಎರಡು ಪಟ್ಟಾಯಿತು.

ಅವರು ಹತ್ತಿ ಗಿರಣಿಯಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದರು. ಬರ್ಮಾದ ಮಾತು ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ನನಗೆ ಹೇಳಿದ್ದರು: ಒಂದು ಗುಡ್ಡದ ಮೇಲೆ ಗುಂಡು ಸುರಿಯುತ್ತಿರುವಾಗ ಕಡಿದ ತಂತಿಯನ್ನು ಮತ್ತೆ ಮತ್ತೆ ತೆವಳಿ ಹೋಗಿ ಕೂಡಿಸಿದರಂತೆ. ಶೌರ್ಯದ ಪದಕಕ್ಕೆ ನಿನ್ನ ಹೆಸರು ಬರೆಯುತ್ತೇನೆ ಎಂದು ಸಾಹೇಬ ಹೇಳಿದನಂತೆ. ಮಾರನೆಯ ದಿನ ಗುಂಡು ಬಿದ್ದು ಎಚ್ಚರ ತಪ್ಪಿತು. ಪಡೆ ಅವರನ್ನು ಬಿಟ್ಟು ಹಿಂದೆ ಸರಿಯಿತು. ಕಾಡಿನ ಜನ ಉಳಿಸಿದರು. ಎಷ್ಟೋ ಕಾಲದ ಮೇಲೆ ನಮ್ಮ ಪಡೆಯ ಆಸ್ಪತ್ರೆಗೆ ಸೇರಿದರು. ಅಲ್ಲಿಂದ ಬರೆದ ಪತ್ರ ನಮಗೆ ಮುಟ್ಟಲೇ ಇಲ್ಲ.

ಹೀಗಾಗಿ ಪಡೆಯ ದಾಖಲೆ ಕಾಣೆಯಾದ ದಿನಕ್ಕೆ ಮುಗಿದಿತ್ತು, ಆಸ್ಪತ್ರೆ ಕೊಟ್ಟ ಬಿಡುಗಡೆ ಕಾಗದ ಅಲ್ಲಿಯ ಮಂಚದಿಂದ ಶುರುವಾಗಿತ್ತು. ಗುಡ್ಡ, ತಂತಿ, ಪದಕ ಯಾವುದೂ ಎರಡರಲ್ಲೂ ಇರಲಿಲ್ಲ. ಆಸ್ಪರಿಯಿಂದ ಹತ್ತಿ ಮಾರಲು ಬಂದ ಒಬ್ಬ ಹಳೆಯ ಹವಾಲ್ದಾರ ಆ ಕಾಗದ ನೋಡಿ, "ರಣದ ಮಾತೇ ಇಲ್ಲಲ್ಲಪ್ಪಾ ಇದರಾಗ. ಓಡಿ ಬಂದಿಯೇನು?" ಎಂದು ಎಲ್ಲರೆದುರು ನಕ್ಕ. ಅವತ್ತು ಇವರು ಊಟ ಮಾಡಲಿಲ್ಲ. ಮರುದಿನದಿಂದ ಸರಕಾರಕ್ಕೆ ಅರ್ಜಿ ಬರೆಯಲು ಕೂತರು. ದಾಖಲೆ ತಿದ್ದಬೇಕು, ಪದಕಗಳನ್ನು ಸೇರಿಸಬೇಕು ಎಂದು. ಬರೆಯುವುದು ಯಾವ ಹೆಸರಿನಲ್ಲಿ? ಹಳೆಯ ಹೆಸರಿನಲ್ಲೇ.

ನನಗೆ ಅದು ಗೊತ್ತಾದದ್ದು ಪೋಸ್ಟಿನವನಿಂದ. ಒಂದು ದಿನ ಅವನು ಬಾಗಿಲಲ್ಲಿ ನಿಂತು, ಆ ಹೆಸರು ಹಿಡಿದು, ಗಂಟಲು ಹರಿಯುವಂತೆ ಕೂಗಿದ. ಅತ್ತೆಯವರ ಕೈಯಿಂದ ಮಜ್ಜಿಗೆಯ ತಪ್ಪೇಲಿ ಬಿತ್ತು. ಸಂಜೆ ಇವರು ಗಿರಣಿಯಿಂದ ಬರುವುದು ಸ್ವಲ್ಪ ತಡವಾಯಿತು, ಅಷ್ಟರಲ್ಲಿ ನಾನು ಓಣಿಯ ತುದಿಗೆ ಹೋಗಿ ನಿಂತಿದ್ದೆ. ಅರ್ಜಿ ಬಿಟ್ಟುಬಿಡಿ ಎಂದು ಕೈ ಮುಗಿದು ಕೇಳಿಕೊಂಡೆ. "ಕಾಗದ ಇನ್ನು ಗಿರಣಿಗೇ ಬರ್ತಾವ" ಎಂದಷ್ಟೇ ಹೇಳಿದರು.

ಆಗ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಯುದ್ಧ ಮುಗಿದ ಮೇಲೆ ಬಳ್ಳಾರಿಯಿಂದ ಒಬ್ಬ ಮುದುಕ ಸುಬೇದಾರ ವಿಚಾರಣೆಗೆ ಬಂದ. ಅರ್ಜಿ ಹಾಕಿದವನು, ಕಾಣೆಯಾದ ಸಿಪಾಯಿ, ಇಬ್ಬರೂ ಒಬ್ಬನೇ ಹೌದೋ ಅಲ್ಲವೋ ಎಂದು ಮನೆಯವರನ್ನು ಕೇಳಿ ಬರೆದುಕೊಂಡು ಹೋಗಬೇಕು, ಅಷ್ಟೇ ಅವನ ಕೆಲಸ. ನಮ್ಮ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿಂದು, ಬಹಳ ಮರ್ಯಾದೆಯಿಂದ ಮಾವನನ್ನು ಕೇಳಿದ. ನಾನು, ಅತ್ತೆಯವರು ಬಾಗಿಲ ಹಿಂದೆ ನಿಂತಿದ್ದೆವು.

"ಸ್ವಾಮಿ, ಈ ಹೆಸರಿನ ಮಗ ನಿಮಗ ಅದಾನೇನ್ರಿ?"

"ಇದ್ದ. ತೀರಿಕೊಂಡ" ಅಂದರು ಮಾವ. "ನಾಗಲದಿನ್ನಿ ಹೊಳಿ ದಂಡ್ಯಾಗ ನಾನೇ ದಹನ ಮಾಡೀನಿ."

ಸುಬೇದಾರ ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನ ಕಡೆ ಕೈ ತೋರಿಸಿದ. "ಮತ್ತ ಈತ?"

"ಇವನೂ ನನ್ನ ಮಗನೇ. ಆಮ್ಯಾಲ ಹುಟ್ಟಿದವ."

"ವಯಸ್ಸೆಷ್ಟು?"

"ಮೂರು ತುಂಬ್ಯಾವ."

ಮಾವ ತಮಾಷೆ ಮಾಡುವವರಲ್ಲ. ಅವರ ಶಾಸ್ತ್ರದಂತೆ ಅದೇ ನಿಜ, ಸುಳ್ಳು ಅವರ ನಾಲಿಗೆಗೆ ಬರುತ್ತಿರಲಿಲ್ಲ. ಆದರೆ ಸುಬೇದಾರನ ಮುಖ ಕೆಂಪಾಯಿತು. ಮೂರು ತುಂಬಿದ ಕೂಸಿನ ಕಿವಿಯ ಬಳಿ ಕೂದಲು ನರೆಯುತ್ತಿತ್ತು. ಓಣಿಯವರನ್ನೂ ಅವನು ಬರುವಾಗಲೇ ಕೇಳಿದ್ದನಂತೆ. "ಸತ್ತಾನ್ರಿ, ವೈಕುಂಠ ಸಮಾರಾಧನಿ ಊಟ ನಾವೇ ಉಂಡೀವಿ" ಎಂದು ಅವರು ಖುಷಿಯಿಂದ ಸಾಕ್ಷಿ ಹೇಳಿದ್ದರು.

"ಸರಕಾರದ ಕೂಡ ಆಟ ಆಡ್ತೀರೇನು?" ಎಂದ ಸುಬೇದಾರ. "ಸತ್ತ ಸಿಪಾಯಿ ಹೆಸರಿನ ಮ್ಯಾಲೆ ಮೆಡಲ್ ಕೇಳಿದ್ರ ಜೇಲ್ ಐತಿ, ತೆಲುಸಾ?"

"ನಾನೇ ಅವ" ಅಂದರು ಇವರು.

"ಎಲ್ಲಾ ಠಕ್ಕರೂ ಹಂಗೇ ಅಂತಾರ. ನಿಮ್ಮಪ್ಪನೇ ಇಲ್ಲ ಅಂತಾನಲ್ಲ." ಅವನು ಬಾಗಿಲ ಕಡೆ ತಿರುಗಿದ. "ಅಮ್ಮಾ, ಸಿಪಾಯಿಗೆ ಹೆಂಡ್ತಿ ಇದ್ದಳು ಅಂತ ಕಾಗದದಾಗ ಐತಿ. ಆಕಿ ಒಳಗಿದ್ರ ಈಚಿಗೆ ಬರಲಿ. ಈತ ಯಾರು, ಹೆಸರು ಹೇಳಲಿ. ತನ್ನ ಬಾಯಿಲೇ ಹೇಳಬೇಕು."

ಅತ್ತೆಯವರು ನನ್ನ ಸೆರಗು ಹಿಡಿದರು. "ಬಾಯಿ ಬಿಟ್ಟಿ ಅಂದ್ರ ಮತ್ತ ನಾಗಲದಿನ್ನಿಗೆ ಹೋಗ್ಬೇಕಾಗ್ತದ" ಎಂದು ಕಿವಿಯಲ್ಲಿ ಅಂದರು. ಹೊಸ ಹೆಸರು ಹೇಳಿದರೆ ಗಂಡ ಠಕ್ಕನಾಗಿ ಜೈಲಿಗೆ ಹೋಗುತ್ತಾರೆ. ಹಳೆಯದನ್ನು ಹೇಳಿದರೆ ಯಮ ಬರುತ್ತಾನೆ. ಸುಮ್ಮನಿದ್ದರೆ ಸುಬೇದಾರ ತನಗೆ ತೋಚಿದ್ದನ್ನು ಬರೆದುಕೊಂಡು ಹೋಗುತ್ತಾನೆ. ಅತ್ತ ದರಿ ಇತ್ತ ಪುಲಿ ಎಂದು ಎಷ್ಟೋ ಸಲ ಬಾಯಿಮಾತಿಗೆ ಹೇಳಿದ್ದೆ. ನಿಜವಾಗಿ ನಡುವೆ ನಿಂತದ್ದು ಅವತ್ತೇ.

ಹೊರಗೆ ಬಂದು, ಗೋಡೆಯ ಮೇಲಿನ ದೇವರ ಪಟ ತೋರಿಸಿ, "ಆ ದೇವರ ಹೆಸರೇರಿ" ಅಂದೆ. ನಮ್ಮ ಕಡೆ ಹೆಂಗಸರು ಹಾಗೇ ತಪ್ಪಿಸಿಕೊಳ್ಳುವುದು.

"ಪಟ ಬರ್ಕೊಳ್ಳಾಕ ಬರಂಗಿಲ್ಲಮ್ಮ" ಎಂದ ಅವನು.

ಕಣ್ಣು ಮುಚ್ಚಿಕೊಂಡು ಹಳೆಯ ಹೆಸರನ್ನೇ ಹೇಳಿಬಿಟ್ಟೆ. ಪಿಸುಗುಟ್ಟಬೇಕೆಂದಿದ್ದೆ, ಹೆದರಿದವಳ ದನಿ, ಓಣಿಯ ಆಚೆ ಬದಿಗೂ ಕೇಳಿಸಿತಂತೆ. ಒಳಗೆ ಅತ್ತೆಯವರು ಕುಸಿದು ಕೂತ ಸದ್ದಾಯಿತು. ಕಣ್ಣು ಬಿಟ್ಟಾಗ ನನ್ನ ಗಂಡ ಎಳೆಯುವ ಕಾಲನ್ನೂ ಸೇರಿಸಿ ಹಿಮ್ಮಡಿ ಕೂಡಿಸಿ, ಎದೆ ಎತ್ತಿ, ಎದುರಿನ ಗೋಡೆ ನೋಡುತ್ತ ನೆಟ್ಟಗೆ ನಿಂತಿದ್ದರು. "ಸಾಬ್" ಎಂದರು.

ಸುಬೇದಾರ ಬಹಳ ಹೊತ್ತು ಅವರ ಕಾಲನ್ನೇ ನೋಡಿದ. "ಸುಳ್ಳು ಹೆಸರಿಗೆ ಕಾಲು ಹಂಗ ಕೂಡಂಗಿಲ್ಲ" ಎಂದು ಬರೆದುಕೊಳ್ಳತೊಡಗಿದ. ಮಾವ ಎದ್ದು ಬಾವಿಯ ಕಡೆ ನಡೆದರು. ಅವರು ತಲೆಯ ಮೇಲೆ ನೀರು ಸುರಿದುಕೊಳ್ಳುವುದು ನಮಗೆಲ್ಲ ಕೇಳಿಸಿತು. ಸಾವಿನ ಸುದ್ದಿ ಕೇಳಿದವರು ಮಾಡುವ ಸ್ನಾನ ಅದು.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಅವರು ಸೀನಿದರೆ ನನ್ನ ಜೀವ ಹೋಗುತ್ತಿತ್ತು. ಬಾವಿಗೆ ಹೋದರೆ ಹಿಂದೆ ಹೋಗುತ್ತಿದ್ದೆ. ಗಿರಣಿಯ ಯಂತ್ರದ ಹತ್ತಿರ ಹೋಗಬೇಡಿ, ಮರದ ಕೆಳಗೆ ನಿಲ್ಲಬೇಡಿ, ಎಮ್ಮೆಯ ಹಿಂದೆ ಬರಬೇಡಿ ಎಂದು ದಿನವೂ ಹೇಳುತ್ತಿದ್ದೆ. ಅತ್ತೆಯವರು ನನ್ನೊಡನೆ ಮಾತು ಬಿಟ್ಟರು. ಒಂದು ಮಧ್ಯಾಹ್ನ ಬಡಿಸುತ್ತಿರುವಾಗ ನನಗೆ ಸಿಟ್ಟು ಬಂತು. ಹೆದರಿಕೆ ಹೆಚ್ಚಾದರೆ ನನಗೆ ಸಿಟ್ಟೇ ಬರುವುದು.

"ನಿಮಗ ಆ ತಗಡು ಯಾಕ ಬೇಕಾಗಿತ್ತು?" ಎಂದೆ.

"ನನಗಲ್ಲ" ಎಂದರು. ಅನ್ನ ಕಲೆಸುತ್ತ, ತಲೆ ಎತ್ತದೆ ಹೇಳಿದರು: "ಅಪ್ಪ ಹೇಳಿದ್ದು ಖರೇನೇ ಅದ. ಆ ಹೆಸರಿನವ ಆ ಗುಡ್ಡದ ಮ್ಯಾಲೇ ತೀರಿಹೋದ. ತಂತಿ ಕೂಡಿಸಿದವ ಅವ. ನಾ ಮಾಡಿದ್ದು ಬರೇ ತೆವಳಿಕೋತ ಬಂದದ್ದು. ಸತ್ತವನ್ನ ಓಡಿಹೋದವ ಅಂತ ಮಂದಿ ಅನ್ನಬಾರದು. ಅಷ್ಟಕ್ಕ ಬರದೆ."

ಹುಳಿಯ ಸೌಟು ಕೈಯಲ್ಲೇ ಉಳಿಯಿತು. ಎದುರಿಗೆ ಊಟಕ್ಕೆ ಕೂತವರು ಯಾರೆಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಇಬ್ಬರೂ ಒಬ್ಬನೇ ಎಂದು ಯಮನಿಗೆ ಹೆದರುತ್ತ ಸಾಕ್ಷಿ ಹೇಳಿದ್ದೆ. ಅಪ್ಪನೂ ಮಗನೂ ಒಬ್ಬನಲ್ಲ ಎನ್ನುತ್ತಿದ್ದರು. ಆವತ್ತು ಹತ್ತಿದ ಹೆದರಿಕೆಯ ಮುಂದೆ ಸುಬೇದಾರನ ಹೆದರಿಕೆ ಏನೂ ಅಲ್ಲ.

ಮಳೆಗಾಲ ಕಳೆದ ಮೇಲೆ ಬಳ್ಳಾರಿಯಿಂದ ರಿಜಿಸ್ಟರ್ ಪೊಟ್ಟಣ ಬಂತು. ದಾಖಲೆ ತಿದ್ದಿದ್ದರು. ಸತ್ತಿರಬೇಕು ಎಂಬ ಸಾಲನ್ನು ಹೊಡೆದುಹಾಕಿದ್ದರು. ಬರ್ಮಾದ ಪದಕ ಒಂದು, ಶೌರ್ಯದ್ದು ಒಂದು, ಎರಡರ ಮೇಲೂ ಹಳೆಯ ಹೆಸರು ಕೊರೆದಿತ್ತು. ಇವರು ತಿರುಗಿಸಿ ನೋಡಿದರು. ಪಕ್ಕದ ಮನೆಯವರ ಒಡವೆಯನ್ನು ನೋಡಿ ಹಿಂದಕ್ಕೆ ಕೊಡುವಂತೆ ನನ್ನ ಕೈಗೆ ಕೊಟ್ಟು, "ಎಲ್ಲ್ಯರ ಇಡು" ಎಂದು ಗಿರಣಿಗೆ ಹೋದರು.

ನಾನು ಯೋಚಿಸಿದೆ. ಬುದ್ಧಿವಂತೆಯ ಯೋಚನೆಯಲ್ಲ, ಪುಕ್ಕಲಿಯದು. ಸರಕಾರ ಬದುಕಿಸಿದ್ದನ್ನು ಮನೆಯವರೂ ಬದುಕಿಸದಿದ್ದರೆ ಆ ಮನುಷ್ಯ ಗುಡ್ಡದ ಮೇಲೇ ಉಳಿಯುತ್ತಾರೆ. ಬದುಕಿಸುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ದಾರಿ, ಅದೇ ಅವರನ್ನು ಕೊಲ್ಲುತ್ತದೆ ಎಂದು ಎಲ್ಲರೂ ಹೇಳಿದ ದಾರಿ.

ಮಾವ, ಅತ್ತೆಯವರು ಮಠಕ್ಕೆ ಹೋದ ದಿನ ಒಲೆಯ ಮುಂದೆ ಕೂತೇ ಆ ಹೆಸರು ಹಿಡಿದು ಕರೆದೆ. ಅಂಗಳದಲ್ಲಿ ಮಂಚಕ್ಕೆ ನುಲಿ ಹೆಣೆಯುತ್ತಿದ್ದವರು ತಿರುಗಲಿಲ್ಲ. ಮತ್ತೆ ಕರೆದೆ. ಹಗ್ಗ ಬಿಟ್ಟು ಎದ್ದು ನೆಟ್ಟಗೆ ನಿಂತುಬಿಟ್ಟರು, "ಸಾಬ್" ಎಂದು. "ಸಾಬ್ ಅಲ್ಲರೀ, ನಾನು. ಊಟಕ್ಕ ಬರ್ರಿ" ಎಂದೆ. ಬಂದು ಕೂತರು, ಮೈಯೆಲ್ಲ ಬೆವರಿತ್ತು.

ಮನೆಯಲ್ಲಿ ಇಬ್ಬರೇ ಇದ್ದಾಗಲೆಲ್ಲ ಕರೆದೆ. ಪ್ರತಿ ಸಲವೂ ಇದೇ ಕೊನೆಯ ಸಲವೇನೋ ಎಂದು ಕೈ ಕುಂಕುಮದ ಮೇಲೆ ಹೋಗುತ್ತಿತ್ತು. ಕರೆದ ಮೇಲೆ ಓಡಿ ಹೋಗಿ ಉಸಿರಾಡುತ್ತಿದ್ದಾರೋ ಎಂದು ನೋಡುತ್ತಿದ್ದೆ. ಅಂಥ ಹೆದರಿಕೆಯಲ್ಲಿ ಎರಡು ಚಳಿಗಾಲ ಕಳೆದವು. ಆಮೇಲೊಂದು ದಿನ, ಕರೆದು ಬಾಯಿ ಮುಚ್ಚುವುದರೊಳಗೆ, ಹಿತ್ತಲಿನಿಂದ ಬೇಸರದ ದನಿಯೊಂದು ಬಂತು:

"ಬಂದೆ ತಡೀ. ಎಷ್ಟು ಒದರ್ತೀ?"