ಕರೆಯದ ದಡ

ಶಹಾಬಾದಿನ ಸಿಮೆಂಟ್ ಕಾಲೊನಿಯಲ್ಲಿ ನಮ್ಮ ಸಾಲಿನ ಮನೆಗಳಿಗೆ ಜಟ್ಟೆಪ್ಪನೇ ಕಾವಲುಗಾರ. ಅದಕ್ಕೂ ಮೊದಲು ಅವನು ಕಾಗಿಣಾ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಸೇತುವೆ ಆದಮೇಲೆ ದೋಣಿ ದಡದಲ್ಲೇ ಒಣಗಿ ಬಿರುಕುಬಿಟ್ಟಿತು. ನಾನು ಮೈಸೂರಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮಗು ಒಂದು ಸಲ ಕೆಮ್ಮಿದರೂ ಧೂಳು ಎದೆಗಿಳಿಯಿತೇನೋ ಎಂದು ಕಿಟಕಿಗಳನ್ನೆಲ್ಲ ಮುಚ್ಚಲು ಓಡುತ್ತಿದ್ದೆ.

"ಕೂಸು ಕೆಮ್ಮಲಿ ಬಿಡ್ರಿ ಅಕ್ಕೋರ, ಇಲ್ಲಾಂದ್ರ ನಿಮಗ ಕೆಲಸರ ಏನೈತಿ?" ಎಂದು ಜಟ್ಟೆಪ್ಪ ನಗುತ್ತಿದ್ದ.

ಮಧ್ಯಾಹ್ನ ತೊಟ್ಟಿಲು ತೂಗುತ್ತ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ದನಿ ನಿಂತರೆ ಮಗು ಏಳುತ್ತಿತ್ತು. ಜಟ್ಟೆಪ್ಪ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. ಕತೆಯಲ್ಲಿ ಸೂರ್ಯ ಕೆರಳಿ ಭೂಮಿ ಸುಡುತ್ತಿತ್ತು. ಇದ್ದದ್ದು ಒಂದೇ ಆಕಾಶನೌಕೆ. ಹಿಡಿದಷ್ಟು ಜನರನ್ನು ದೂರದ ಗ್ರಹಕ್ಕೆ ಬಿಟ್ಟು, ಉಳಿದವರಿಗಾಗಿ ತಿರುಗಿ ಬರುತ್ತೇನೆಂದು ನಾಯಕ ಮಾತು ಕೊಟ್ಟು ಹೊರಟಿದ್ದ.

"ತನ್ನ ಮನಿ ಮಂದೀನ ಹತ್ತಿಸ್ಕೊಂಡಾನೇನ್ರಿ?"

"ಇಲ್ಲ, ಹೆಂಡತಿ ಇಲ್ಲೇ ಉಳಿದಿದ್ದಾಳೆ."

"ಖರೇ ಅಂಬಿಗ ಇದ್ದಾನ ಹಂಗಾದ್ರ" ಎಂದ.

ಹೊಳೆಯ ಮೇಲೆ ಅಂಬಿಗರದೊಂದು ಕಟ್ಟಳೆ. ಪ್ರವಾಹ ಬಂದಾಗ ಪರರು ಮೊದಲು, ಸ್ವಂತದವರು ಕಡೆಯ ಸುತ್ತಿನಲ್ಲಿ. ಒಂದು ಮಳೆಗಾಲ ಆಚೆ ದಡದಲ್ಲಿ ಅವನ ತಂಗಿ ಸಾಬಮ್ಮ, ಜ್ವರದ ಕೂಸನ್ನು ಎತ್ತಿಕೊಂಡು ನಿಂತಿದ್ದಳಂತೆ. ಬೇರೆಯವರನ್ನು ಹತ್ತಿಸಿ, "ಈಗ ಬಂದೆ" ಎಂದು ತಂಗಿಗೆ ಹೇಳಿ ಈಚೆ ದಡಕ್ಕೆ ಬಂದ. ಅಷ್ಟರಲ್ಲಿ ಹೊಳೆ ಏರಿತು. ಅದು ಇಳಿಯುವುದರೊಳಗೆ ಕೂಸು ಹೋಗಿತ್ತು.

ಅವಳು ಆಮೇಲೆ ಅಣ್ಣನೊಡನೆ ಮಾತು ಬಿಟ್ಟಳು. ಆಚೆ ದಡದಿಂದ ಕೂಗು ಬಾರದೆ ಅಂಬಿಗ ದೋಣಿ ಬಿಡುವುದಿಲ್ಲ. ತಂಗಿಯ ಮನೆಗೂ ಜಟ್ಟೆಪ್ಪ ಅದೇ ಲೆಕ್ಕ ಹಿಡಿದ. ಸೇತುವೆಯಾಗಿ ವರ್ಷಗಳಾದರೂ ದಾಟಿರಲಿಲ್ಲ. ಸಂಜೆ ಹೊಳೆಯ ಕಡೆ ಮುಖಮಾಡಿ ಕೂರುತ್ತಿದ್ದ, ಅಷ್ಟೇ.

ಕಡೆಯ ಕಂತು ಬಂತು. ಜನರನ್ನು ಇಳಿಸಿದ ನಾಯಕ ಭೂಮಿಯ ಕರೆಗಾಗಿ ರೇಡಿಯೋಗೆ ಕಿವಿಗೊಟ್ಟು ಕಾದ. ಸದ್ದೇ ಇಲ್ಲ. ಎಲ್ಲರೂ ಸುಟ್ಟುಹೋಗಿರಬೇಕೆಂದು ಅಲ್ಲೇ ನೆಲೆಸಿಬಿಟ್ಟ. ನಾನು ಪತ್ರಿಕೆ ಮಡಚಿದೆ.

"ಕರೀಲಿಲ್ಲಂದ್ರ ಸತ್ತಾರಂತ ಹ್ಯಾಂಗ್ರಿ?" ಎಂದ ಜಟ್ಟೆಪ್ಪ. "ಸಿಟ್ಟಾಗಿದ್ದಿರಬೇಕು."

"ಇಂಧನ ಮುಗಿದಿತ್ತೇನೋ."

"ಎಣ್ಣಿ ಇತ್ರಿ. ಹೋದ ವಾರ ನೀವೇ ಓದೀರಿ. ಹೋಗಿ ಒಮ್ಮೆ ನೋಡಬೇಕಿತ್ತು ಅಂವ."

ಮರುದಿನ ಬೆಳಿಗ್ಗೆ ಜಟ್ಟೆಪ್ಪ ನನ್ನ ಗಂಡನ ಹತ್ತಿರ ರಜೆ ಕೇಳಿ, ಒಗೆದ ಧೋತರ ಉಟ್ಟು ಸೇತುವೆಯತ್ತ ನಡೆದ. ತಂಗಿ ಬಾಗಿಲು ಹಾಕಿದರೇನು ಗತಿ ಎಂದು ನಾನು ದಿನವಿಡೀ ಒಳಗೂ ಹೊರಗೂ ತಿರುಗಿದೆ. ಮಗುವಿಗೆ ಎರಡು ಸಲ ಕಾಡಿಗೆ ಹಚ್ಚಿದೆ.

ಹೊತ್ತು ಮುಳುಗುವಾಗ ಬಂದ.

"ಮಾತಾಡಿದಳಾ?"

"ಎಲ್ಲಿ ಮಾತ್ರಿ. ಬಾಗಲಾಗ ನಿಂತು ನೋಡಿದ್ಲು, ಒಳಗ ಹೋದ್ಲು. ನಾ ಕಟ್ಟಿ ಮ್ಯಾಲ ಕುಂತೆ. ಮತ್ತ ಹೊರಗ ಬಂದು ಜ್ವಾಳ ಕೇರಾಕತ್ತಿದ್ಲು. ಏಳು ಅನಲಿಲ್ಲ, ಕುಂದ್ರು ಅನಲಿಲ್ಲ." ಮೆಟ್ಟಿಲ ಮೇಲೆ ಕೂತು ಹೇಳಿದ: "ಕೂದಲಾ ಬೆಳ್ಳಗಾಗ್ಯಾವ್ರಿ ಆಕಿವು. ನಮ್ಮವ್ವನಂಗ ಕಾಣ್ತಾಳ."

ಕುಡಿಯಲು ನೀರು ಕೊಟ್ಟೆ. ಅವನು ಗಟಗಟ ಕುಡಿದು ಮುಖ ಒರೆಸಿಕೊಂಡ.

"ಸಾಹೇಬರಿಗೆ ಹೇಳ್ರಿ ಅಕ್ಕೋರ, ಬರೋ ಸೋಮವಾರ ಭೀ ರಜಾ ಬೇಕು."